ಹಿಂದಿನವರ ಚಿತ್ರಕ್ಕೊಂದು ಒಳ್ಳೆಯ ಮಾತು

ಬೈಯುವುದನ್ನು ಮನುಷ್ಯನಿಗೆ ಯಾರೂ ಕಲಿಸಬೇಕಾಗಿಲ್ಲ. ಸಾಂಬಾರಿಗೆ ಉಪ್ಪು ಹೆಚ್ಚಾದರೆ, ಬಸ್ಸು ತಡವಾದರೆ, ಮಳೆ ಬಂದರೆ, ಬಾರದಿದ್ದರೆ, ಮಾತು ತಾನಾಗಿ ಬಾಯಿಗೆ ಬರುತ್ತದೆ. ಹೊಗಳಬೇಕಾದ ಹೊತ್ತಿಗೆ ಮಾತ್ರ ನಾಲಿಗೆ ಒಣಗುತ್ತದೆ. ‘ಚೆನ್ನಾಗಿದೆ’ ಅನ್ನುತ್ತೇವೆ. ಎದುರಿನವರು ಇನ್ನೂ ಮುಖ ನೋಡುತ್ತ ನಿಂತಿದ್ದರೆ ‘ತುಂಬಾ ಚೆನ್ನಾಗಿದೆ’ ಅನ್ನುತ್ತೇವೆ. ಅಲ್ಲಿಗೆ ನಮ್ಮ ಬಂಡವಾಳ ಮುಗಿಯಿತು. ಹೊಳೆನರಸೀಪುರದ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತನಾಗಿ ತಲೆ ನರೆಸಿಕೊಂಡಿರುವ ನನಗೆ ಈ ಸತ್ಯ ಗೊತ್ತಾದದ್ದು ಫೋಟೋ ಹುಚ್ಚು ಹತ್ತಿದ ಮೇಲೆ.

ಹುಚ್ಚು ಹೇಗೆ ಹತ್ತಿತು ಎಂದು ಕೇಳಬೇಡಿ. ಹುಚ್ಚು ಹತ್ತಿದವರಿಗೆ ಅದು ಗೊತ್ತಿರುವುದಿಲ್ಲ. ನನ್ನ ಹೆಂಡತಿ ವನಜಳನ್ನು ಕೇಳಿದರೆ ಹೇಳಿಯಾಳು. ಭಾನುವಾರ ಬೆಳಿಗ್ಗೆ ಕಾಫಿ ಕುಡಿದವನೇ ಹೇಮಾವತಿ ಸೇತುವೆಯ ಮೇಲೆ ಹೋಗಿ, ಕಂಬಿಗೆ ಎದೆ ಕೊಟ್ಟು, ನೀರಿನತ್ತ ಬಾಗಿ ನಿಲ್ಲುವುದು ನನ್ನ ರೂಢಿ. ಹಕ್ಕಿಗಾಗಿ ಕಾಯುವವನಿಗೂ ಜೀವ ಬೇಸರವಾದವನಿಗೂ ಹಿಂದಿನಿಂದ ನೋಡಿದರೆ ಅಂಥ ವ್ಯತ್ಯಾಸವಿರುವುದಿಲ್ಲ ಎಂದು ಕಾಣುತ್ತದೆ. ಒಂದು ದಿನ ಹಾಲಿನವನೊಬ್ಬ ಬೈಕು ನಿಲ್ಲಿಸಿ, ಮೆಲ್ಲಗೆ ನನ್ನ ಅಂಗಿ ಹಿಡಿದುಕೊಂಡು, “ಯಾಕ್ ಸಾ, ಮನೇಲೇನಾರ ಜಗಳ ಆಯ್ತಾ? ಬನ್ನಿ, ಒಂದ್ ಟೀ ಕುಡಿಯಮ” ಅಂದ. ಕೊಕ್ಕರೆ ಹಾರಿಹೋಯಿತು. ಟೀ ಚೆನ್ನಾಗಿತ್ತು.

ನಮ್ಮದೊಂದು ವಾಟ್ಸಾಪ್ ಗುಂಪು ಇದೆ. ಹೆಸರು ‘ಭಾನುವಾರಕ್ಕೊಂದು’. ಹಾಸನದಲ್ಲಿ ಹೈಸ್ಕೂಲಿನ ಡ್ರಾಯಿಂಗ್ ಮೇಡಂ ಆಗಿದ್ದು ನಿವೃತ್ತರಾದ ಸುಮಿತ್ರಮ್ಮನವರು ಅದರ ಯಜಮಾನಿ. ವಾರಕ್ಕೆ ಒಬ್ಬೊಬ್ಬರೂ ಒಂದೇ ಚಿತ್ರ ಹಾಕಬೇಕು. ಅದು ಕಷ್ಟವಲ್ಲ. ಕಷ್ಟ ಇರುವುದು ಅವರ ಇನ್ನೊಂದು ನಿಯಮದಲ್ಲಿ. ನಿಮ್ಮ ಚಿತ್ರ ಹಾಕುವ ಮುಂಚೆ, ನಿಮಗಿಂತ ಹಿಂದೆ ಹಾಕಿದವರ ಚಿತ್ರಕ್ಕೆ ಒಂದು ಒಳ್ಳೆಯ ಮಾತು ಬರೆಯಬೇಕು. ‘ಸೂಪರ್’ ನಡೆಯುವುದಿಲ್ಲ. ಹೆಬ್ಬೆರಳು, ಚಪ್ಪಾಳೆ, ಕೆಂಪು ಹೃದಯ ಯಾವುದೂ ನಡೆಯುವುದಿಲ್ಲ. ಚಿತ್ರದ ಒಳಗಿನ ಯಾವುದಾದರೂ ಒಂದನ್ನು ಬೊಟ್ಟು ಮಾಡಿ ತೋರಿಸಿ ಹೊಗಳಬೇಕು. “ನೋಡದೆ ಹೊಗಳೋದು ಬೈಯೋದಕ್ಕಿಂತ ಕೆಟ್ಟದ್ದು ಕಣ್ರೀ” ಎನ್ನುತ್ತಾರೆ ಸುಮಿತ್ರಮ್ಮ. ನಲವತ್ತು ಮಕ್ಕಳು ಬರೆದ ಒಂದೇ ಬಾಳೆಹಣ್ಣನ್ನು ನೋಡಿ ನಲವತ್ತು ಬೇರೆ ಬೇರೆ ಮಾತು ಹೇಳಿದ ಜೀವ ಅದು.

ಈ ನಿಯಮದಿಂದ ನಮ್ಮ ಗುಂಪಿನವರ ಕಣ್ಣು ಎಷ್ಟು ಚುರುಕಾಗಿದೆ ಎಂದು ನೆನೆದರೆ ನನಗೆ ಹೆಮ್ಮೆ. ಬಾಗೂರಿನ ಸಿದ್ದರಾಜು ಪಶು ಆಸ್ಪತ್ರೆಯ ನೌಕರ. ಅವನಿಗೆ ವಾರವಿಡೀ ದನ, ಭಾನುವಾರವೂ ದನ. ಒಮ್ಮೆ ಅವನು ಹಾಕಿದ ಎಮ್ಮೆಯ ಚಿತ್ರ ನನಗೆ ಬರೀ ಎಮ್ಮೆಯಾಗಿ ಕಂಡಿತ್ತು. ಕೊಣನೂರಿನ ಅಂಗನವಾಡಿ ಟೀಚರ್ ಭಾಗ್ಯ ಅದರ ಕೆಳಗೆ, “ಕಿವಿ ಅಂಚಿನ ಕೂದ್ಲಲ್ಲಿ ಬಿಸ್ಲು ಸಿಕ್ಕಾಕಂಡೈತೆ ನೋಡಿ ಅಣ್ಣ” ಎಂದು ಬರೆದಳು. ಮತ್ತೆ ನೋಡಿದೆ. ಹೌದು, ಸಿಕ್ಕಿಹಾಕಿಕೊಂಡಿತ್ತು! ಆಮೇಲೆ ಒಂದು ವಾರ ನಾನು ದಾರಿಯಲ್ಲಿ ಕಂಡ ಎಮ್ಮೆಗಳ ಕಿವಿಯನ್ನೆಲ್ಲ ನೋಡುತ್ತ ನಡೆದೆ. ಭಾಗ್ಯ ತೆಗೆಯುವುದು ಕೈಗಳನ್ನು. ಕೊಣನೂರಿನ ಸಂತೆಯಲ್ಲಿ ಸೊಪ್ಪು ಕಟ್ಟುವ ಕೈ, ತಕ್ಕಡಿ ಎತ್ತುವ ಕೈ, ಕಡಲೆಕಾಯಿ ರುಚಿ ನೋಡುವ ನೆಪದಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ಕೈ. ಮುಖವಿಲ್ಲದೆ ಮನುಷ್ಯರನ್ನು ಇಷ್ಟು ಚೆನ್ನಾಗಿ ಗುರುತಿಸಬಹುದು ಎಂದು ನನಗೆ ತಿಳಿದದ್ದು ಅವಳಿಂದ.

ಇನ್ನು ನನ್ನ ಸಂಕಟಕ್ಕೆ ಬರುತ್ತೇನೆ. ನನ್ನ ಪಾಲಿಗೆ ಸದಾ ಬರುವುದು ಹಿರೀಸಾವೆಯ ರಂಗೇಗೌಡರು. ಹೆದ್ದಾರಿಯ ಪಕ್ಕದಲ್ಲಿ ಅವರ ಹೋಟೆಲು. ಬೆಳಗಿನ ಇಡ್ಲಿಯ ಗಲಾಟೆ ಮುಗಿದ ಕೂಡಲೇ ಅವರು ಚಿತ್ರ ಹಾಕುತ್ತಾರೆ. ನಾನು ಸೇತುವೆಯಿಂದ ಮನೆಗೆ ಬರುವುದೂ ಅದೇ ಹೊತ್ತಿಗೆ. ಗಲ್ಲಾಪೆಟ್ಟಿಗೆಯ ಮೇಜು ಬಿಟ್ಟು ಏಳುವ ಹಾಗಿಲ್ಲ, ಆದ್ದರಿಂದ ಅವರ ಚಿತ್ರವೆಲ್ಲ ಕೂತ ಜಾಗದಿಂದಲೇ. ಎದುರಿಗೆ ಬಸ್ಸು ನಿಲ್ಲುತ್ತದೆ, ಅವರು ಬಸ್ಸು ತೆಗೆಯುತ್ತಾರೆ. ಮುಂದಿನ ವಾರ ಇನ್ನೊಂದು ಬಸ್ಸು. ಸಾಲದ್ದಕ್ಕೆ ಅವರ ಫೋನು ಒಮ್ಮೆ ಇಡ್ಲಿ ಪಾತ್ರೆಯ ಮೇಲೆ ಬಿದ್ದು ಕ್ಯಾಮೆರಾ ಗಾಜು ಗೀಚಿಹೋಗಿತ್ತು. ಪ್ರತಿ ಚಿತ್ರದ ಬಲಮೂಲೆಯಲ್ಲೂ ಹೊಗೆಯಂಥ ಒಂದು ಮಸುಕು. ಇದರಲ್ಲಿ ನಾನು ಏನನ್ನು ಹೊಗಳಲಿ? ಒಂದು ವಾರ “ಬಸ್ಸಿನ ಬಣ್ಣ ಚೆನ್ನಾಗಿ ಬಂದಿದೆ” ಎಂದೆ. ಇನ್ನೊಂದು ವಾರ “ಟೈರುಗಳು ಸಹಜವಾಗಿವೆ” ಎಂದೆ. ಯಾವುದೂ ತೋಚದ ಒಂದು ವಾರ “ಬಸ್ಸಿನ ನಂಬರು ಬಹಳ ಸ್ಪಷ್ಟವಾಗಿ ಮೂಡಿದೆ” ಎಂದು ಬರೆದು, ಕೆಳಗೆ ನನ್ನ ಕೊಕ್ಕರೆಯನ್ನು ಹಾಕಿ, ಯಾರು ಏನನ್ನುತ್ತಾರೋ ಎಂದು ಫೋನು ಹಿಡಿದು ಕೂತೆ.

ಆ ಕೊಕ್ಕರೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮಂಜು, ಕಪ್ಪು ಬಂಡೆ, ಅದರ ಮೇಲೆ ಒಂಟಿಕಾಲಲ್ಲಿ ನಿಂತ ಬಿಳಿ ಕೊಕ್ಕರೆ. ನಾನು ತೆಗೆದದ್ದೆಂದು ಹೇಳುತ್ತಿಲ್ಲ, ಅದು ನಿಜಕ್ಕೂ ಚೆನ್ನಾಗಿತ್ತು.

ಆಷಾಢ ಬಂತು. ಆಷಾಢದಲ್ಲಿ ಮದುವೆ ಇಲ್ಲ, ಮದುವೆ ಇಲ್ಲದಿದ್ದರೆ ಛತ್ರಗಳು ಖಾಲಿ. ಸುಮಿತ್ರಮ್ಮನವರ ಪರಿಚಯದವರು ಹಾಸನದ ತಮ್ಮ ಛತ್ರದ ಊಟದ ಹಾಲನ್ನು ಒಂದು ಭಾನುವಾರದ ಮಟ್ಟಿಗೆ ಬಿಟ್ಟುಕೊಟ್ಟರು. “ಪ್ರತಿಯೊಬ್ಬರೂ ತಾವು ತೆಗೆದ ಒಂದು ಚಿತ್ರವನ್ನು ಫ್ರೇಮ್ ಹಾಕಿಸಿ ತನ್ನಿ, ಪ್ರದರ್ಶನ ಇಡೋಣ” ಎಂದು ಮೇಡಂ ಬರೆದರು. ಎಲ್ಲರೂ ಹಿಗ್ಗಿದೆವು. ಅಷ್ಟರಲ್ಲಿ ರಂಗೇಗೌಡರ ದನಿ ಸಂದೇಶ ಬಂತು. ಹಿಂದೆ ಪಾತ್ರೆಗಳ ಸದ್ದು, “ಎರಡು ಖಾಲಿ, ಒಂದು ಸೆಟ್ಟು” ಎಂಬ ಕೂಗು, ನಡುವೆ ಅವರ ಮಾತು.

“ಮೇಡಂ, ಬೇಜಾರ್ ಮಾಡ್ಕಬೇಡಿ. ನಾನು ಪಟ ತರಾಕಿಲ್ಲ. ಈ ಪ್ರದರ್ಶನ ಮುಗುದ್ಮ್ಯಾಲೆ ಗ್ರೂಪಿಂದಾನೂ ಒಂಟೋಯ್ತೀನಿ. ನೀವೆಲ್ಲ ಒಳ್ಳೇರು, ಒಗಳ್ತೀರಿ. ಆದ್ರೆ ನಿಯಮ ಐತೆ ಅಂತ ಒಗಳ್ತೀರೋ, ಪಟ ಚೆಂದಾಗೈತೆ ಅಂತ ಒಗಳ್ತೀರೋ, ನಂಗೆ ಗೊತ್ತಾಗಾಕಿಲ್ಲ. ಬಸ್ಸಿನ ನಂಬರ್ ಚೆನ್ನಾಗಿ ಕಾಣ್ತದೆ ಅಂತ ಒಬ್ರು ಬರುದ್ರು. ಅದು ಪಟ ನೋಡೋರ ಮಾತಾ, ಆರ್‌ಟಿಒ ಮಾತಾ? ಅನುಮಾನ ಬಂದ್ಬುಡ್ತು ಮೇಡಂ, ಅಷ್ಟೇಯ.”

ಆ ‘ಒಬ್ರು’ ಯಾರೆಂದು ಗುಂಪಿನಲ್ಲಿ ಯಾರೂ ಬರೆಯಲಿಲ್ಲ. ಎಲ್ಲರೂ ಅಷ್ಟು ಒಳ್ಳೆಯವರು. ನನ್ನ ಮುಖ ಬಿಸಿಯಾಯಿತು. ವಾರವಾರವೂ ಬಿಸಿ ಇಡ್ಲಿ ಬಿಟ್ಟು, ಗಿರಾಕಿಗಳ ಕೈಲಿ ಬೈಸಿಕೊಂಡು, ಒಂದು ಚಿತ್ರ ತೆಗೆಯುವ ಮನುಷ್ಯ. ಅವರು ಹೋಗುವುದಾದರೆ ನನ್ನಿಂದ ಹೋಗುತ್ತಾರೆ. ಸುಮಿತ್ರಮ್ಮ ಮಾತ್ರ, “ಗೌಡರೇ, ಬಿಡೋದಾದರೆ ಬಿಡಿ. ಹಾಸನಕ್ಕೆ ಬಂದು, ನೋಡಿ, ಊಟ ಮಾಡಿ ಆಮೇಲೆ ಬಿಡಿ” ಎಂದು ಬರೆದರು.

ನಾನು ಕೊಕ್ಕರೆಗೆ ಫ್ರೇಮ್ ಹಾಕಿಸಿದೆ. ಅಂಗಡಿಯವನು ತೋರಿಸಿದ ಎಲ್ಲವೂ ಸಪ್ಪೆಯಾಗಿ ಕಂಡವು. ಕೊನೆಗೆ ಬಳ್ಳಿ ಬಳ್ಳಿಯಾಗಿ ಕೆತ್ತಿದ, ಚಿನ್ನದ ಬಣ್ಣದ, ದೇವರ ಪಟಕ್ಕೆ ಹಾಕುವಂಥ ಅಗಲದ ಫ್ರೇಮ್ ಆರಿಸಿದೆ. ಬಸ್ಸಿನಲ್ಲಿ ನಾನೂ ವನಜಳೂ ಅದನ್ನು ನಮ್ಮಿಬ್ಬರ ನಡುವೆ ನಿಲ್ಲಿಸಿಕೊಂಡು ಹಾಸನಕ್ಕೆ ಹೋದೆವು. ಅದಕ್ಕೂ ಟಿಕೆಟ್ ತಗೊಳ್ಳಿ ಎಂದು ಕಂಡಕ್ಟರು ಕೇಳದೆ ಇದ್ದದ್ದು ದೊಡ್ಡತನ. “ಅದಕ್ಕೊಂದು ಹೂವಿನ ಹಾರ ತರಬೇಕಿತ್ತು” ಎಂದಳು ವನಜ. ಅದು ವ್ಯಂಗ್ಯ ಎಂದು ಗೊತ್ತಾಗುವ ಹೊತ್ತಿಗೆ ಹಾಸನ ಬಂದಿತ್ತು.

ಛತ್ರದ ಹಾಲಿನಲ್ಲಿ ಸುಮಿತ್ರಮ್ಮ ಆಗಲೇ ಮೊಳೆ ಹೊಡೆಸುತ್ತಿದ್ದರು. ಅವರು ತಂದ ಚೌಕಟ್ಟು ಬಿಚ್ಚಿದಾಗ ಒಳಗಿದ್ದದ್ದು ಅವರ ಚಿತ್ರವಲ್ಲ, ರಂಗೇಗೌಡರ ಬಸ್ಸು. “ನನ್ನದೇನು, ಇನ್ನೊಂದು ಸಲ ಇಡಬಹುದು. ಇದು ಗೋಡೆ ಮೇಲೆ ಬರದೇ ಹೋದರೆ ಪಾಪ ಅನ್ನಿಸಿತು” ಎಂದರು. ಭಾಗ್ಯ ತನ್ನ ಕಾಗದ ಹರಿದಳು. ಅಲ್ಲೂ ಅದೇ ಬಸ್ಸು! ಸಿದ್ದರಾಜು ಬಿಚ್ಚಿದ. ಎಮ್ಮೆಯಲ್ಲ, ಭಾಗ್ಯಳ ಸೊಪ್ಪು ಕಟ್ಟುವ ಕೈ. “ನಮ್ ಎಮ್ಮೆ ದಿನಾ ಕಾಣ್ತದೆ, ಇಂಥಾ ಕೈ ಎಲ್ ಕಾಣ್ತದೆ ಸಾ?” ಎಂದ. ಮೂರು ವರ್ಷ ಒಬ್ಬರನ್ನೊಬ್ಬರು ಹೊಗಳಿ ಹೊಗಳಿ, ತಮ್ಮದು ತನ್ನಿ ಎಂದರೂ ಪಕ್ಕದವರದು ತರುವ ಮಟ್ಟಕ್ಕೆ ಬಂದಿದ್ದರು ಈ ಜನ. ಯಾರೂ ಯಾರಿಗೂ ಹೇಳಿರಲಿಲ್ಲ. ನಾನು ನನ್ನ ಚಿನ್ನದ ಫ್ರೇಮನ್ನು ಕಾಗದದ ಸಮೇತ ಗೋಡೆಗೆ ಮುಖ ಮಾಡಿ ಇಟ್ಟು, ನೀರು ಕುಡಿಯಲು ಹೋದೆ.

ಆಗ ರಂಗೇಗೌಡರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಟವೆಲು, ಕಂಕುಳಲ್ಲಿ ಪೇಪರು ಸುತ್ತಿದ ಸಣ್ಣ ಪೊಟ್ಟಣ. ಗೋಡೆಯ ಮೇಲಿನ ದೊಡ್ಡ ಬಸ್ಸಿನ ಎದುರು ನಿಂತರು. “ಗಾಜಿಗೆ ಏನೋ ಮೆತ್ಕಂಡೈತಲ್ಲ ಮೇಡಂ” ಎಂದು ಟವೆಲಿನಿಂದ ಬಲಮೂಲೆಯನ್ನು ಒರೆಸಿದರು. ಹೋಗಲಿಲ್ಲ. ಉಸಿರು ಬಿಟ್ಟು ಇನ್ನೊಮ್ಮೆ ಒರೆಸಿದರು. ಆಮೇಲೆ ಕೈ ನಿಂತಿತು. ಅದು ಗಾಜಿನ ಮೇಲಿನ ಮಸುಕಲ್ಲ, ಅವರ ಫೋನಿನ ಗೀಚು.

“ಇದು ನಂದಲ್ವಾ?” ಎಂದರು.

“ಅದೂ ನಿಮ್ಮದೇ” ಎಂದು ಭಾಗ್ಯ ಪಕ್ಕದ್ದನ್ನು ತೋರಿಸಿದಳು. “ಒಗಳ್ಬೇಕು ಅಂತ ನಿಯಮ ಐತೆ ಗೌಡ್ರೆ. ಫ್ರೇಮ್ ಹಾಕುಸ್ಬೇಕು ಅಂತ ನಿಯಮ ಇಲ್ಲ.”

ಗೌಡರು ಟವೆಲಿನಿಂದ ಈಗ ಕಣ್ಣು ಒರೆಸಿಕೊಂಡರು. ಆ ಚಿತ್ರವನ್ನು ನಾನೂ ಅವತ್ತೇ ಮೊದಲ ಸಲ ನೋಡಿದೆ. ನಿಂತ ಬಸ್ಸು. ಒಳಗೆ ಕಿಟಕಿಗೆ ಹಣೆ ಆನಿಸಿ ನಿದ್ದೆ ಹೋದ ಹೆಂಗಸು. ಹೊರಗೆ ಅವಳ ಗಂಡನಿರಬೇಕು, ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈ ಗಾಜು ತಟ್ಟಲು ಎತ್ತಿ, ಎಬ್ಬಿಸಲೋ ಬೇಡವೋ ಎಂದು ಹಾಗೇ ತಡೆದುಕೊಂಡಿದ್ದಾನೆ. ಮೂಲೆಯ ಮಸುಕು ಆ ಕಾಫಿಯ ಹಬೆಯೇ ಅನ್ನಿಸುತ್ತದೆ. ಇಷ್ಟೆಲ್ಲ ಇದ್ದ ಚಿತ್ರದಲ್ಲಿ ನಾನು ಓದಿದ್ದು ನಂಬರು.

“ಇನ್ನು ಗ್ರೂಪ್ ಬಿಡ್ತೀರಾ ಗೌಡರೇ?” ಎಂದು ಸುಮಿತ್ರಮ್ಮ ಕೇಳಿದರು.

“ಬುಡಿ ಮೇಡಂ, ಬಾಯಿಗೆ ಬಂದಿದ್ದು ಅಂದ್ಬುಟ್ಟೆ” ಎಂದು ಅವರು ಪೊಟ್ಟಣ ಬಿಚ್ಚಿದರು. “ನಂಗೂ ಬರೀಗೈಲಿ ಬರಾಕೆ ಮನ್ಸಾಗ್ನಿಲ್ಲ. ಸಾಯೇಬ್ರ ಕೊಕ್ಕರೆ ತಂದಿವ್ನಿ. ಅದು ಕಾಲು ಕೆಳಗೆ ಇಡಾದೋ ಬ್ಯಾಡ್ವೋ ಅಂತ ಯೋಚ್ನೆ ಮಾಡ್ತಾ ಐತೆ ನೋಡಿ, ಅದು ನಂಗೆ ಬಾಳ ಇಷ್ಟ.” ಅಂಗೈಯಗಲದ ಸಾದಾ ಚೌಕಟ್ಟಿನಲ್ಲಿ ನನ್ನ ಕೊಕ್ಕರೆ. ನನಗೆ ಸಂತೋಷ, ನಾಚಿಕೆ ಎರಡೂ ಒಟ್ಟಿಗೆ ಆಗಿ ಕಣ್ಣು ಮಂಜಾಯಿತು. ಗೌಡರ ಕೈ ಹಿಡಿದುಕೊಂಡೆ. ನಾನು ತಂದ ಚಿನ್ನದ ಫ್ರೇಮನ್ನು ಹಾಗೆಯೇ ಮನೆಗೆ ಒಯ್ಯೋಣ ಎಂದು ನಿಶ್ಚಯಿಸಿದೆ. ಆದರೆ ಅಷ್ಟರಲ್ಲಿ ವನಜ ಕಾಗದ ಬಿಚ್ಚಿ, ಅದನ್ನು ಹಾಲಿನ ನಟ್ಟನಡುವಿನ ಮೊಳೆಗೆ ಹಾಕಿಸಿಬಿಟ್ಟಿದ್ದಳು.

“ಯಾರದು ಯಾವುದು ಅಂತ ಜನಕ್ಕೆ ಗೊತ್ತಾಗಬೇಕಲ್ಲ” ಎಂದರು ಸುಮಿತ್ರಮ್ಮ. “ಕೆಳಗೊಂದೊಂದು ಚೀಟಿ ಅಂಟಿಸೋಣ. ತೆಗೆದವರು ಇಂಥವರು, ಮೆಚ್ಚಿ ತಂದವರು ಇಂಥವರು. ಸೋಮಶೇಖರ್, ನೀವು ಆಫೀಸಿನವರು, ಅಕ್ಷರ ದುಂಡಗಿರುತ್ತೆ. ನೀವೇ ಬರೀರಿ.” ಬರೆದೆ. ತೆಗೆದವರು ರಂಗೇಗೌಡ, ಮೆಚ್ಚಿದವರು ಸುಮಿತ್ರಮ್ಮ. ತೆಗೆದವರು ಭಾಗ್ಯ, ಮೆಚ್ಚಿದವರು ಸಿದ್ದರಾಜು. ಕೊನೆಗೆ ಚಿನ್ನದ ಫ್ರೇಮು ಉಳಿಯಿತು. ಎರಡನೆಯ ಸಾಲು ಖಾಲಿ ಬಿಡೋಣ ಎಂದುಕೊಂಡೆ. ಆದರೆ ಗುಮಾಸ್ತನಿಗೆ ಖಾಲಿ ಜಾಗ ಬಿಟ್ಟು ಅಭ್ಯಾಸವಿಲ್ಲ, ಕೈ ತಾನಾಗಿ ತುಂಬಿಸಿತು.

ಜನ ಬರತೊಡಗಿದರು. ನಾನು ಆ ಚೀಟಿ ಯಾರಿಗೂ ಕಾಣದ ಹಾಗೆ ಅದರ ಮುಂದೆಯೇ ಕೈಕಟ್ಟಿ ನಿಂತುಬಿಟ್ಟೆ. ವನಜ ನನ್ನ ಭುಜದ ಪಕ್ಕದಿಂದ ಬಗ್ಗಿ, ಗಟ್ಟಿಯಾಗಿಯೇ ಓದಿದಳು. “ತೆಗೆದವರು, ಸೋಮಶೇಖರ್. ಮೆಚ್ಚಿದವರು, ಸೋಮಶೇಖರ್.” ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು: “ತೆಗೆದೋರೂ ನೀವೇ, ಮೆಚ್ಚಿದೋರೂ ನೀವೇ, ಬರೆದೋರೂ ನೀವೇ. ನೋಡೋದನ್ನಾದ್ರೂ ಬೇರೆಯೋರಿಗೆ ಬಿಡಿ. ಸ್ವಲ್ಪ ಪಕ್ಕಕ್ಕೆ ಬನ್ನಿ.”

ಪಕ್ಕಕ್ಕೆ ಸರಿದೆ. ಸರಿದವನು ಗೌಡರ ಬಸ್ಸನ್ನು ಇನ್ನೊಮ್ಮೆ ಸರಿಯಾಗಿ ನೋಡೋಣ ಎಂದು ಆ ಕಡೆ ಹೋದೆ. ಅಲ್ಲಿ ಜನ ಎಷ್ಟು ಮುತ್ತಿದ್ದರೆಂದರೆ, ನನಗೆ ನಿಲ್ಲಲು ಜಾಗ ಸಿಗಲಿಲ್ಲ.