ನಾನೇ ಚಹಾ ಕೊಟ್ಟು ಕಳಿಸಿದ ಕಾರು

ಸಾಲದ ಕಾರನ್ನು ಬಲವಂತವಾಗಿ ಒಯ್ಯುವ ಹಕ್ಕು ಯಾರಿಗೂ ಇಲ್ಲ. ಇದು ಕಾನೂನು! ಮೊಬೈಲಿನಲ್ಲಿ ಯಾರೋ ವಕೀಲರು ಹೇಳಿದ್ದನ್ನು ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಆದ್ದರಿಂದ ನಾಸಿಕ್ ರೋಡಿನ ನಮ್ಮ ಮನೆಗೆ ವಸೂಲಿಯವರಿಬ್ಬರು ಬಂದಾಗ ನಾನು ಹೆದರಲಿಲ್ಲ. ಹೆದರಿದ್ದರೆ ಕಾರು ಉಳಿಯುತ್ತಿತ್ತೋ ಏನೋ!

ಕಂತು ತಪ್ಪಿದ್ದು ನಿಜ. ಹೆಂಡತಿ ಶಾಂತಾಳ ಕಿಡ್ನಿ ಕೈಕೊಟ್ಟ ಮೇಲೆ ಸಂಬಳವೆಲ್ಲ ಡಯಾಲಿಸಿಸ್‌ಗೆ ಹೋಗುತ್ತಿತ್ತು. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಾಡುತ್ತಿದ್ದದ್ದೂ ಅದೇ ಕಾರಿನಲ್ಲಿ.

"ಬಾಗಿಲಾ ಹಾಕ್ರಿ, ಮಾತಾಡಬ್ಯಾಡ್ರಿ," ಎಂದಳು ಶಾಂತಾ ಒಳಗಿನಿಂದ.

"ನೀ ಸುಮ್ನಿರು. ಕಾನೂನು ನಮ್ಮ ಕಡೆ ಅದ!"

ಇಬ್ಬರನ್ನೂ ಕೂಡಿಸಿ ಭಾಷಣ ಬಿಗಿದೆ. ನೋಟಿಸು ಎಲ್ಲಿ? ಬಲವಂತ ಮಾಡಿದರೆ ಪೊಲೀಸ್ ಕೇಸು! ಆವೇಶದಲ್ಲಿ ಕಾರಿನ ಚಾವಿಯನ್ನು ಟೀಪಾಯಿಯ ಮೇಲೆ ಟಣ್ಣೆಂದು ಇಟ್ಟು, "ಹಾತ್ ಲಗಾಕೆ ದಿಖಾವೋ!" ಎಂದೆ. ಅವರು ಮುಟ್ಟಲಿಲ್ಲ.

ಇನ್ನು ನಾವು ಕಲಬುರಗಿಯವರು. ವೈರಿಯಾದರೂ ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸುವುದುಂಟೆ? ನಾನೇ ಒಳಗೆ ಹೋಗಿ ಚಹಾ ಕಾಸಿ ತಂದೆ. ಚಾವಿ ಇಟ್ಟಲ್ಲೇ ಇತ್ತು. ಒಬ್ಬ ಮಾತ್ರ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದ. ಮಾಡಲಿ ಎಂದು ಕೂದಲು ಸರಿಮಾಡಿಕೊಂಡೆ. ಚಹಾವನ್ನು ಚಾವಿಯ ಪಕ್ಕದಲ್ಲಿಟ್ಟು, ಕೈ ಚಾಚಿ, ನನ್ನ ಅತ್ಯುತ್ತಮ ಮರಾಠಿಯಲ್ಲಿ ಉಪಚಾರ ಮಾಡಿದೆ: "ಘ್ಯಾ, ಘ್ಯಾ! ಸಂಕೋಚ ಕರೂ ನಕಾ!" ತಗೊಳ್ಳಿ, ತಗೊಳ್ಳಿ, ಸಂಕೋಚ ಬೇಡ.

ಅವರು ಸಂಕೋಚಪಡಲಿಲ್ಲ. ಚಾವಿ ತಗೊಂಡರು.

"ಏ, ಜಬರದಸ್ತಿ!" ಎಂದು ಕಿರುಚಿದೆ.

"ತುಮ್ಹೀಚ ಘ್ಯಾ ಮ್ಹಣಾಲಾತ ನಾ, ಸಾಹೇಬ?" ನೀವೇ ತಗೊಳ್ಳಿ ಅಂದಿರಲ್ಲ ಎನ್ನುತ್ತಾ ಆತ ಮೊಬೈಲ್ ತೋರಿಸಿದ. ಅದರಲ್ಲಿ ಚಾವಿ ಕಾಣುತ್ತಿತ್ತು, ನನ್ನ ನಗುಮುಖ ಕಾಣುತ್ತಿತ್ತು. ಹಾಳಾದ ಚಹಾ ಮಾತ್ರ ನಾನು ಚಾಚಿದ ಕೈಯ ಮರೆಯಲ್ಲಿ ಕಾಣುತ್ತಿರಲಿಲ್ಲ!

ಕಾರು ದೂರದ ಸಂಭಾಜಿನಗರದ ಚಿಕಲಠಾಣಾದಲ್ಲಿ ಜಪ್ತಿ ಗಾಡಿ ನಿಲ್ಲಿಸುವ ಅವರ ಯಾರ್ಡಿಗೆ ಹೋಯಿತು. ಪಕ್ಕದ ಮನೆಯ ವಕೀಲರು, ಬೀದರಿನವರು, ಕಥೆ ಕೇಳಿ ಹಣೆ ಚಚ್ಚಿಕೊಂಡರು. "ನೋಟಿಸ್ ಕೊಟ್ಟಿಲ್ಲ, ದೂರು ಹಾಕೋಣ್ರಿ. ಆದ್ರ ಜಬರದಸ್ತಿ ಅಂತ ಹ್ಯಾಂಗ ಹೇಳೋದು? ನೀವೇ ಚಹಾ ಕೊಟ್ಟು 'ಘ್ಯಾ' ಅಂದೀರಿ! ಇನ್ನ ಕೇಸು ತಿಂಗಳಗಟ್ಟಲೆ ನಡೀತದ."

ಡಯಾಲಿಸಿಸ್ ಮರುದಿನವೇ ಇತ್ತು. ರಿಕ್ಷಾ ಸಿಗದೆ ಶಾಂತಾ ರಸ್ತೆ ಬದಿಯಲ್ಲಿ ನನ್ನ ಹೆಗಲಿಗೊರಗಿ ನಿಂತಿದ್ದಳು. ಕಾಲು ಬಾತಿದ್ದವು, ಮುಖವೂ ಬಾತಿತ್ತು. ನೋಡಲಾಗದೆ, "ಚಿಂತಿ ಮಾಡಬ್ಯಾಡ, ಕಾನೂನು ಇನ್ನೂ ನಮ್ಮ ಕಡೇನೇ ಅದ," ಎಂದೆ.

"ಹೌದ್ರಿ," ಎಂದಳು ಉಸಿರೆಳೆದುಕೊಳ್ಳುತ್ತಾ. "ಅದರಾಗ ಕೂಡ್ಲಿಕ್ಕ ಜಾಗಾ ಅದ ಏನ್ರಿ?"

ಕಾನೂನು ಬಲ್ಲ ನಾನು ರಸ್ತೆಗಿಳಿದು ಹೋಗುವ ಬರುವ ರಿಕ್ಷಾಗಳಿಗೆಲ್ಲ ಕೈಮುಗಿಯತೊಡಗಿದೆ.