ಮಾವನ ಹಿಂದೆ ಹೊರಟ ರೇಸು

ನಮ್ಮ ಸೋದರಮಾವನಿಗಿಂತ ನಿಧಾನವಾಗಿ ಕಾರು ಓಡಿಸುವವರು ಬೆಂಗಳೂರಿನಲ್ಲಿ ಯಾರಾದರೂ ಕಂಡರೆ, ಅವರು ಕಾರು ನಿಲ್ಲಿಸಿಕೊಂಡಿದ್ದಾರೆ ಎಂದೇ ಅರ್ಥ! ಮಾವ ಸಾರಕ್ಕಿಯಿಂದ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಸೊಪ್ಪು ತಂದರೆ, ಮನೆ ಸೇರುವಷ್ಟರಲ್ಲಿ ಸೊಪ್ಪು ಬಾಡಿರುತ್ತದೆ. ಹಿಂದಿನವರು ಹಾರ್ನ್ ಹೊಡೆದರೆ ಕಿಟಕಿ ಇಳಿಸಿ, "ಯಾಕಣ್ಣ, ಹುಷಾರಿಲ್ವಾ?" ಎಂದು ಕನಿಕರದಿಂದ ವಿಚಾರಿಸುತ್ತಾರೆ.

ಇಷ್ಟು ನಿಧಾನಸ್ಥರ ಕಾರು, ಅತ್ತೆ ತೀರಿಕೊಂಡ ಮೇಲೆ ಅಲ್ಲಲ್ಲಿ ಗುದ್ದಿಕೊಂಡು ಬರತೊಡಗಿತು. ಮಗಳು ಕಣ್ಣು ಪರೀಕ್ಷೆ ಮಾಡಿಸಿದಳು. ಕಣ್ಣು ಸರಿಯಾಗಿಯೇ ಇತ್ತು.

"ಅಪ್ಪಾ, ಇನ್ನೊಂದು ಸಲ ಗುದ್ದಿದ್ರೆ ಕೀ ನನ್ನ ಹತ್ರ ಇರುತ್ತೆ, ಅಷ್ಟೆ!" ಎಂದಳು. ಕಾರಿಲ್ಲದ ಮಾವನನ್ನು ಊಹಿಸಲು ನನ್ನಿಂದಂತೂ ಆಗಲಿಲ್ಲ.

ಅಷ್ಟರಲ್ಲಿ ಅದೃಷ್ಟ ಮಹಡಿಯಿಂದ ಇಳಿದು ಬಂತು. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿಯವನು ರಜೆ ಬಂದರೆ ಊರಾಚೆಯ ಟ್ರ್ಯಾಕಿನಲ್ಲಿ ಕಾರ್ ರೇಸ್ ನಡೆಸುವವನು.

"ಅಂಕಲ್, ಪೇಸ್ ಕಾರ್ ನೀವ ಹೊಡೀಬೇಕ್ರಿ. ರೇಸ್ ಶುರು ಆಗೋ ಮುಂಚೆ ಎಲ್ಲಾರ ಮುಂದ ಸಾವಕಾಶ ಒಂದು ರೌಂಡ್, ಅಷ್ಟ."

"ಹಿಂದಿನವ್ರು ಓವರ್‌ಟೇಕ್ ಮಾಡಿದ್ರೆ?"

"ಮಾಡಂಗಿಲ್ರಿ. ಮಾಡಿದ್ರ ಶಿಕ್ಷಾ!"

"ಹಾರ್ನು?"

"ರೇಸ್ ಕಾರಿಗೆ ಹಾರ್ನೇ ಇರಂಗಿಲ್ರಿ!"

ಮಾವನಿಗೆ ಸ್ವರ್ಗ ಕಂಡಿತು. ಇಂಥದ್ದೊಂದು ರಸ್ತೆ ಬನಶಂಕರಿಯಲ್ಲಿ ಯಾಕಿಲ್ಲ, ಹೇಳಿ? "ನಿಮ್ಮಪ್ಪಂಗೆ ಗಾಡಿ ಓಡ್ಸಕ್ಕೆ ಬರುತ್ತೋ ಇಲ್ವೋ, ಬಂದು ನೋಡು" ಎಂದು ಮಗಳನ್ನೂ ಹೊರಡಿಸಿದರು. ತಮಾಷೆ ನೋಡಲು ನಾನೂ ಹೊರಟೆ.

ಮಾವನ ಕಾರಿನ ತಲೆಯ ಮೇಲೆ ಹಳದಿ ದೀಪ, ಮಾವನ ತಲೆಯ ಮೇಲೆ ಹೆಲ್ಮೆಟ್. ಹಿಂದೆ ರೇಸ್ ಕಾರುಗಳು ಗುರ್ ಎನ್ನುತ್ತಿದ್ದರೆ, ಮಾವ ಮುಂದೆ ಮದುವೆ ಮೆರವಣಿಗೆಯ ಗಂಡಿನಂತೆ ಸಾಗುತ್ತಿದ್ದರು. ಪ್ರತಿ ತಿರುವಿಗೂ ಇಂಡಿಕೇಟರ್! ನಂಬಿಕೆ ಸಾಲದೆ ಕೈಯನ್ನೂ ಹೊರಗೆ ಹಾಕಿ ತೋರಿಸಿದರು. ಜನ ಶಿಳ್ಳೆ ಹೊಡೆದರು. ಮಗಳ ಮುಖದಲ್ಲೂ ಸ್ವಲ್ಪ ನಗು ಕಂಡಿತು.

ಕೊನೆಯ ತಿರುವಿನಲ್ಲಿ, ಬೇಲಿಯಾಚೆ, ಒಂದು ಪುಟ್ಟ ಆಂಜನೇಯನ ಗುಡಿ. ಮಾವ ಸ್ಟೇರಿಂಗ್ ಬಿಟ್ಟು, ಕಣ್ಣು ಮುಚ್ಚಿ, ಎರಡೂ ಕೈ ಮುಗಿದರು. ಕಾರಿಗೆ ಅಷ್ಟು ಭಕ್ತಿ ಇರಲಿಲ್ಲ. ನೆಟ್ಟಗೆ ಹೋಗಿ ಹಳೇ ಟೈರುಗಳ ರಾಶಿಗೆ ಗುದ್ದಿತು! ನಿಯಮ ನಿಯಮವೇ ತಾನೆ? ಓವರ್‌ಟೇಕ್ ಮಾಡುವಂತಿಲ್ಲವೆಂದು ರೇಸ್ ಕಾರುಗಳೆಲ್ಲ ಹಿಂದೆಯೇ ಸಾಲಾಗಿ ನಿಂತವು. ಟ್ರ್ಯಾಕಿನಲ್ಲೇ ಒಂದು ಸಾರಕ್ಕಿ ಸಿಗ್ನಲ್ ತಯಾರಾಯಿತು.

ನಾವು ಓಡಿದೆವು. ಬಂಪರ್ ನೆಗ್ಗಿದ್ದು ಬಿಟ್ಟರೆ ಕಾರಿಗೂ ಮಾವನಿಗೂ ಏನೂ ಆಗಿರಲಿಲ್ಲ.

"ಸ್ವಾಮಿ ಕಾಪಾಡ್ದ!" ಎಂದರು ಮಾವ.

"ಗುದ್ದಿಸಿದ್ದೂ ಅವನೇ ಅಲ್ವಾ ಮಾವ?" ಎಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮಗಳು ನಗಲಿಲ್ಲ. ಕೀಗಾಗಿ ಕೈ ಚಾಚಿದಳು. "ಎರಡೂ ಕೈ ಯಾಕಪ್ಪಾ ಬಿಟ್ಟೆ?"

ಮಾವ ಖಾಲಿಯಿದ್ದ ಎಡಗಡೆ ಸೀಟು ನೋಡಿದರು. "ನಾನು ಕೈ ಮುಗಿಯೋವಾಗೆಲ್ಲ ಸ್ಟೇರಿಂಗ್ ನಿಮ್ಮಮ್ಮ ಹಿಡ್ಕೊಳ್ಳೋಳು ಕಣಮ್ಮ. ಈಗ್ಲೂ ಪಕ್ಕದಲ್ಲೇ ಇದಾಳೆ ಅಂತ ಬಿಟ್ಬಿಡ್ತೀನಿ."

ನಗುತ್ತಿದ್ದ ನನಗೆ ನಾಚಿಕೆಯಾಯಿತು, ಅಳುವೂ ಬಂತು. ಮಾವ ತಾವೇ ಕೀ ತೆಗೆದು ಮಗಳ ಕೈಗಿಟ್ಟರು.

ವಾಪಸು ಅವಳೇ ಓಡಿಸಿದಳು. ಸಾರಕ್ಕಿಯ ಗಣಪತಿ ಗುಡಿ ಬಂದಾಗ ನಡುರಸ್ತೆಯಲ್ಲೇ ಕಾರು ನಿಲ್ಲಿಸಿ, "ಕೈ ಮುಗಿ ಅಪ್ಪಾ, ನಿಧಾನವಾಗಿ ಮುಗಿ" ಎಂದಳು. ಹಿಂದೆ ಇಡೀ ಜೆ.ಪಿ. ನಗರ ಹಾರ್ನ್ ಹೊಡೆಯುತ್ತಿತ್ತು. ಮಾವ ಕಣ್ಣು ಮುಚ್ಚಿ ಕೈ ಮುಗಿದರು. ನಿಂತ ಕಾರಿನ ಸ್ಟೇರಿಂಗನ್ನು ಮಗಳು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.