ಸಮುದ್ರಕ್ಕೆ ಹಾಕಿದ ತೇಪೆ

ಅತ್ತೆಯ ಕೈಚೀಲದಿಂದ ಆ ಫೋಟೊ ಹೊರಗೆ ಬರುವಷ್ಟರಲ್ಲಿ ಬಸ್ಸು ಊರು ದಾಟಿತ್ತು. ಅವರ ಅಳಿಯ, ಫೋಟೊ ಸ್ಟುಡಿಯೋದವನಿಗೆ ಇಳಿದು ಓಡಿಹೋಗಲೂ ದಾರಿಯಿರಲಿಲ್ಲ.

ಮದುವೆಯಾದ ಹೊಸತರಲ್ಲಿ ತೆಗೆದ ಫೋಟೊ ಅದು. ಅವನೂ ಹೆಂಡತಿಯೂ ಕೈಹಿಡಿದು ನಿಂತಿದ್ದಾರೆ. ಹಿಂದೆ ಕೋಟೆ, ನೀಲಿ ಸಮುದ್ರ, ದೀಪಸ್ತಂಭ, ಎರಡು ಹಂಸ. ಹನಿಮೂನಿಗೆ ಸಮುದ್ರದ ಕೋಟೆಗೆ ಹೋಗಿದ್ದೆವೆಂದು ಅವನು ಅತ್ತೆಗೆ ಕಳಿಸಿದ್ದ. ನಿಜಕ್ಕೂ ಹೋಗಿದ್ದು ಸ್ಟುಡಿಯೋದ ಒಳಕೋಣೆಗೆ. ಸಮುದ್ರವನ್ನೇ ಕಾಣದ ಪೇಂಟರೊಬ್ಬ ಬರೆದುಕೊಟ್ಟ ಪರದೆ ಅದು. ಅಂಥ ಪರದೆಗಳು ಇನ್ನೂ ಇದ್ದವು. ಅತ್ತೆಮನೆಯ ಗೋಡೆಯ ಮೇಲೆ ಮಗಳು ಅಳಿಯನ ಪ್ರವಾಸದ ಫೋಟೊಗಳೂ ಸಾಲಾಗಿದ್ದವು.

ಊರಿನಿಂದ ಬಂದಿದ್ದ ಅತ್ತೆ ಕೇಳಿದ್ದಕ್ಕೆ ಇವತ್ತು ಬೀದಿಯವರೆಲ್ಲ ಬಸ್ಸು ಮಾಡಿಕೊಂಡು ಹೊರಟಿದ್ದು ಅದೇ ಕೋಟೆಗೆ.

“ನೀವಿಬ್ಬರೂ ನಿಂತಿದ್ದ ಜಾಗದಲ್ಲೇ ನಾನೂ ಒಂದ್ಸಲ ನಿಲ್ಬೇಕು, ಅಳಿಯಂದಿರೇ,” ಅಂದರು ಅತ್ತೆ.

“ಹುಡುಕೇಬಿಡೋಣ,” ಎಂದು ಮುಂದಿನ ಸೀಟಿನ ಮೇಷ್ಟ್ರು ಫೋಟೊ ಕಿತ್ತುಕೊಂಡರು. ನಿವೃತ್ತರಾದ ಮೇಲೆ ಅವರಿಗೆ ಪಕ್ಕದ ಮನೆಯವರ ಕೆಲಸವೇ ಕೆಲಸ.

“ಅವತ್ತೇ ಬೇಡ ಅಂದಿದ್ದೆ ರೀ,” ಎಂದು ಹೆಂಡತಿ ಪಿಸುಗುಟ್ಟಿ ಕಿಟಕಿಯ ಕಡೆ ತಿರುಗಿದಳು. ಸುಳ್ಳು ಹೊರಬಿದ್ದರೆ ಅತ್ತೆಯ ಮುಂದೆ ತಲೆಯೆತ್ತುವಂತಿಲ್ಲ, ಬೀದಿಯಲ್ಲಿ ಸ್ಟುಡಿಯೋದ ಬಾಗಿಲು ತೆಗೆಯುವಂತಿಲ್ಲ.

ಕೋಟೆಯ ಬಾಗಿಲಲ್ಲಿ ಕಾವಲುಗಾರ ಫೋಟೊವನ್ನು ತಿರುಗಿಸಿ ತಿರುಗಿಸಿ ನೋಡಿದ. “ಇಲ್ಲೆಲ್ಲಿ ಹಂಸ ಬಂತಮ್ಮಾ?”

“ಆಗ ಇದ್ವು. ಹಾರಿಹೋದ್ವು,” ಅಂದ ಸ್ಟುಡಿಯೋದವನು.

“ದೀಪಸ್ತಂಭ?” ಮೇಷ್ಟ್ರು ಬಿಡಲಿಲ್ಲ.

“ಗಾಳಿಗೆ ಬಿತ್ತು.”

“ನಮ್ಮಪ್ಪನೂ ಇಲ್ಲೇ ಕಾವಲಿದ್ದ. ದೀಪಸ್ತಂಭ ಇದ್ದಿದ್ದೇ ಇಲ್ಲ,” ಅಂದ ಕಾವಲುಗಾರ.

ಮೇಷ್ಟ್ರ ಹುಬ್ಬು ಮೇಲೇರಿತು. “ಹಾಗಾದ್ರೆ ಸಮುದ್ರದ ಕಡೆಯ ಬುರುಜಿನಲ್ಲೇ ನೋಡ್ಬೇಕು,” ಎಂದು ಇಡೀ ಬೀದಿಯನ್ನು ಹಿಂದೆ ಹಾಕಿಕೊಂಡು ನಡೆದರು. ಕೋಟೆಯೊಳಗೆ ಗೋಡೆಗೆ ಗೋಡೆ ಒತ್ತಿಕೊಂಡಿದ್ದ ಓಣಿಗಳಲ್ಲಿ, ಬಟ್ಟೆ ಒಣಹಾಕಿದ ಮನೆಗಳ ನಡುವೆ, ಸವೆದ ಕಲ್ಲುಮೆಟ್ಟಿಲುಗಳ ಮೇಲೆ ಸ್ಟುಡಿಯೋದವನು ಕಾಲೆಳೆದುಕೊಂಡು ಹತ್ತಿದ. ಕಡೆಯ ಮೆಟ್ಟಿಲಲ್ಲಿ ಎಲ್ಲ ಒಪ್ಪಿಕೊಂಡುಬಿಡೋಣವೆಂದು ಬಾಯಿ ತೆರೆದ.

ತೆರೆದ ಬಾಯಿ ಹಾಗೇ ಉಳಿಯಿತು. ಕೆಳಗೆ ಕಪ್ಪು ಬಂಡೆಗಳು ಹಲ್ಲು ಕಿರಿದು ನಿಂತಿದ್ದವು. ದೂರದಲ್ಲಿ ಒಂದು ಅಲೆ ನಿಧಾನವಾಗಿ ಬೆನ್ನೆತ್ತಿ, ಬಂದು, ಬಂಡೆಗೆ ಅಪ್ಪಳಿಸಿ, ಕೋಟೆಗೋಡೆಯನ್ನೇ ಹತ್ತಿತು. ಕಾಲಡಿಯ ಕಲ್ಲು ನಡುಗಿತು. ಉಪ್ಪುನೀರು ಮುಖಕ್ಕೆ ಎರಚಿತು. ನೀಲಿ ಅನ್ನುವ ಒಂದೇ ಬಣ್ಣ ಅಲ್ಲಿರಲಿಲ್ಲ. ಹಸಿರಿತ್ತು, ಬೂದಿಯಿತ್ತು, ಹೆಸರೇ ಇಲ್ಲದ ಇನ್ನೇನೋ ಇತ್ತು. ಮೇಷ್ಟ್ರು ಕೂಡ ಫೋಟೊ ಹುಡುಕಾಟ ಮರೆತರು. ಕೊರಳಲ್ಲಿ ಕ್ಯಾಮೆರಾ ಇದೆಯೆಂಬುದೇ ಸ್ಟುಡಿಯೋದವನಿಗೆ ನೆನಪಾಗಲಿಲ್ಲ. ಇಷ್ಟು ವರ್ಷ ಇದರ ಹೆಸರಿನಲ್ಲಿ ಒಂದು ಬಟ್ಟೆ ತೋರಿಸಿ ಹೊಟ್ಟೆ ಹೊರೆದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಕಣ್ಣು ತುಂಬಿತು.

“ಅತ್ತೆ, ಆ ಫೋಟೊ ಸುಳ್ಳು,” ಅಂದ.

“ಗೊತ್ತು,” ಅಂದರು ಅತ್ತೆ, ಅಲೆಯಿಂದ ಕಣ್ಣು ತೆಗೆಯದೆ. “ಹಂಸದ ಪಕ್ಕದಲ್ಲಿ ಸಮುದ್ರಕ್ಕೆ ತೇಪೆ ಹಾಕಿದ್ದೀರಿ. ಫೋಟೊ ಬಂದ ದಿನವೇ ನೋಡಿದೆ.”

“ಮತ್ತೆ ಆ ಜಾಗದಲ್ಲೇ ನಿಲ್ಬೇಕು ಅಂದಿದ್ದು?”

“ಸುಳ್ಳು ಅಂತ ನಾನು ಅವತ್ತೇ ಹೇಳಿದ್ರೆ ನೀವು ತಪ್ಪಾಯ್ತು ಅಂದು ಸುಮ್ಮನಾಗ್ತಿದ್ರಿ. ನನಗೆ ಸಮುದ್ರ ಯಾರು ತೋರಿಸ್ತಿದ್ರು?”

ಎದೆಯ ಮೇಲಿನ ಕಲ್ಲು ಇಳಿದಂತಾಗಿ ಸ್ಟುಡಿಯೋದವನು ನಕ್ಕ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು, ಮತ್ತೆ ಕೈಚೀಲಕ್ಕೆ ಕೈಹಾಕಿ ಇನ್ನೊಂದು ಫ್ರೇಮ್ ತೆಗೆದರು. ಅದರಲ್ಲಿ ಮಗಳು ಅಳಿಯ ಹಿಮದ ಬೆಟ್ಟದ ಮುಂದೆ ನಗುತ್ತಿದ್ದರು.

“ಮೇಷ್ಟ್ರೇ,” ಎಂದು ಅತ್ತೆ ಕರೆದರು, “ಈ ಬೆಟ್ಟ ಎಲ್ಲಿದೆ ಅಂತ ನಮ್ಮ ಅಳಿಯಂದಿರಿಗೆ ಮರೆತುಹೋಗಿದೆ. ಸ್ವಲ್ಪ ಹುಡುಕಿಕೊಡ್ತೀರಾ?”

ಮೇಷ್ಟ್ರು ಆಗಲೇ ಕನ್ನಡಕ ಒರೆಸಿಕೊಳ್ಳುತ್ತಿದ್ದರು.